ಲಿಂಗ ಕಾಣುವ ತಿಂಗಳು, ನೀರು ಏರುವ ತಿಂಗಳು

ಮಂಗಳೂರಿನಲ್ಲಿ ಉಪ್ಪಿನಂಗಡಿಯ ಮಾತೆತ್ತಿದರೆ ಬರುವ ಮೊದಲ ಪ್ರಶ್ನೆ, "ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?" ಹಾಗೆ ಕೇಳಿದವರು ಅಂದು ಬೆಳಿಗ್ಗೆ ಮುಖ ತೊಳೆದದ್ದು ಆ ಊರನ್ನು ದಾಟಿ ಬಂದ ನೀರಿನಲ್ಲೇ. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತು ಪೈಪಿನಲ್ಲಿ ನಗರಕ್ಕೆ ಬರುವ ನೇತ್ರಾವತಿ, ಅದಕ್ಕೂ ಮೊದಲು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡೇ ಬಂದಿರುತ್ತದೆ. ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು, ಶಿರಾಡಿ ಘಾಟಿ ಹತ್ತುವ ಬೆಂಗಳೂರು ಬಸ್ಸು ಹೆಚ್ಚಿನವೂ ಈ ಪೇಟೆಯನ್ನು ಹಾದೇ ಹೋಗುತ್ತವೆ. ಧರ್ಮಸ್ಥಳದಲ್ಲಿ ನೇತ್ರಾವತಿ ಸ್ನಾನ, ಕುಕ್ಕೆಯಲ್ಲಿ ಕುಮಾರಧಾರಾ ಸ್ನಾನ ಎಂದು ಎರಡೂ ಕಡೆ ಮುಳುಗಿ ಎದ್ದವರಿಗೆ, ಆ ಎರಡೂ ನೀರು ಒಂದಾಗುವ ಜಾಗ ಬಸ್ಸಿನ ಕಿಟಕಿಯಲ್ಲಿ ಕಾಣುವ ಒಂದು ಸೇತುವೆ ಅಷ್ಟೆ. ಹೆದ್ದಾರಿ ಅಗಲವಾದ ಮೇಲೆ ಅದೂ ಬೇಗ ದಾಟುತ್ತದೆ. (ಕಲ್ಲಡ್ಕದಲ್ಲಿ ಫ್ಲೈಓವರ್ ಬಂದ ಮೇಲೆ ಕೆ.ಟಿ. ಎಂದು ಹೆಸರಾದ ಕಲ್ಲಡ್ಕ ಟೀ ಕುಡಿಯುವ ನೆಪವೂ ಕೆಳಗೇ ಉಳಿಯಿತು.)

ನೋಡಲಿಕ್ಕೆ ಏನುಂಟು ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲದಿರುವುದೇ ಈ ಊರಿನ ವಿಶೇಷ. ಯಾವ ತಿಂಗಳಲ್ಲಿ ಹೋಗುತ್ತೀರಿ ಎಂದು ತಿರುಗಿ ಕೇಳಬೇಕಾಗುತ್ತದೆ. ಇಲ್ಲಿನ ಸಹಸ್ರಲಿಂಗೇಶ್ವರ–ಮಹಾಕಾಳಿ ದೇವಸ್ಥಾನ ದಂಡೆಯ ಮೇಲಿದೆ. ಅಲ್ಲಿ ವರ್ಷವಿಡೀ ಪೂಜೆ, ವರ್ಷವಿಡೀ ದರ್ಶನ. ಆದರೆ ಉದ್ಭವಲಿಂಗ ಇರುವುದು ಹೊಳೆಯ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ. ಮಳೆಗಾಲ ಹಿಡಿದರೆ ಅದು ನೀರಿನ ಅಡಿಗೆ ಹೋಗುತ್ತದೆ, ಹೊಳೆ ಸೊರಗಿದ ಮೇಲೆ ಮತ್ತೆ ಮೇಲೆ ಬರುತ್ತದೆ. ಬಾಗಿಲು ತೆರೆಯುವ ಹೊತ್ತನ್ನು ಬೋರ್ಡಿನಲ್ಲಿ ಬರೆದಿಡಬಹುದು. ಈ ದರ್ಶನದ ಹೊತ್ತನ್ನು ಹಾಗೆ ಬರೆದಿಡಲು ಬರುವುದಿಲ್ಲ. ಅರ್ಚಕರು ನೋಡುವ ಪಂಚಾಂಗ ಒಂದು, ಹೊಳೆಯದು ಇನ್ನೊಂದು. ಎರಡೂ ಹೊಂದಿದ ದಿನ ಹೋದವರಿಗೆ ಮಾತ್ರ ಆ ಕ್ಷೇತ್ರ ಪೂರ್ತಿ ಕಾಣುತ್ತದೆ.

ಎರಡು ಹೊಳೆಯ ನಡುವಿನ ಪೇಟೆ

ಮಂಗಳೂರಿನಿಂದ ಬಿ.ಸಿ. ರೋಡ್, ಕಲ್ಲಡ್ಕ, ಮಾಣಿ ದಾಟಿ ಬಂದರೆ ನೆಕ್ಕಿಲಾಡಿ. ಅಲ್ಲಿ ಬಲಕ್ಕೆ ಪುತ್ತೂರಿನ ದಾರಿ ಒಡೆಯುತ್ತದೆ. ನೇರ ಹೋದರೆ ಕುಮಾರಧಾರೆಯ ಸೇತುವೆ. ಸೇತುವೆ ಇಳಿದರೆ ಪೇಟೆ. ಪೇಟೆಯ ಆಚೆ ಬದಿಗೆ ನೇತ್ರಾವತಿ, ಅದರ ಮೇಲೆ ಗುರುವಾಯನಕೆರೆ ಕಡೆಗೆ ಹೋಗುವ ದಾರಿಯ ಸೇತುವೆ. ಅಂದರೆ ಇಡೀ ಊರು ಎರಡು ಹೊಳೆಗಳ ನಡುವೆ ಚೂಪಾಗುತ್ತ ಹೋದ ನೆಲ, ಅದರ ತುದಿಯಲ್ಲಿ ದೇವಸ್ಥಾನ. ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು, ರಿಕ್ಷಾ ಬೇಡ. ತುಳುವಿನಲ್ಲಿ ಈ ಊರಿಗೆ ಉಬಾರ್ ಎಂದೇ ಹೆಸರು. ಬಸ್ಸಿನಲ್ಲಿ ವಯಸ್ಸಾದವರು ಟಿಕೆಟ್ ಕೇಳುವುದು ಈಗಲೂ ಉಬಾರಿಗೆ.

ನೇತ್ರಾವತಿ ಕುದುರೆಮುಖ ಶ್ರೇಣಿಯಿಂದ ಇಳಿದು ಬರುತ್ತದೆ. ಧರ್ಮಸ್ಥಳದ ಹತ್ತಿರ ಪಜಿರಡ್ಕದಲ್ಲಿ ಮೃತ್ಯುಂಜಯ ಹೊಳೆ ಅದನ್ನು ಕೂಡುತ್ತದೆ. ಅಲ್ಲಿಯೂ ಸದಾಶಿವನ ಗುಡಿ ಇದೆ, ಅಲ್ಲಿಯೂ ಜನ ಕಡಿಮೆ. ಕುಮಾರಧಾರೆ ಕುಮಾರಪರ್ವತದ ಕಡೆಯಿಂದ ಕುಕ್ಕೆಯನ್ನು ಹಾದು, ಶಿರಾಡಿ ಕಾಡಿನ ನೀರನ್ನು ಹೊತ್ತ ಗುಂಡ್ಯ ಹೊಳೆಯನ್ನು ಸೇರಿಸಿಕೊಂಡು ಬರುತ್ತದೆ. ಹೀಗೆ ಎರಡರ ಹುಟ್ಟೂ ಬೇರೆ ಬೇರೆ ಬೆಟ್ಟದಲ್ಲಿ, ಮಳೆಯೂ ಬೇರೆ ಬೇರೆ. ಚಾರ್ಮಾಡಿಯಲ್ಲಿ ಸುರಿದರೆ ನೇತ್ರಾವತಿ ಕೆಂಪಾಗುತ್ತದೆ, ಸುಬ್ರಹ್ಮಣ್ಯದ ಘಟ್ಟದಲ್ಲಿ ಸುರಿದರೆ ಕುಮಾರಧಾರೆ. ಮಳೆಗಾಲದ ಆರಂಭದಲ್ಲಿ ಸಂಗಮದ ಕೆಳಗೆ ನಿಂತರೆ ಒಂದು ಮಗ್ಗುಲಲ್ಲಿ ಕೆಂಪು ನೀರು, ಇನ್ನೊಂದು ಮಗ್ಗುಲಲ್ಲಿ ತಿಳಿಹಸಿರು, ನಡುವೆ ನೊರೆಯ ಗೆರೆ ಕಾಣುವುದುಂಟು. ಯಾವ ಹೊಳೆ ಕೆಂಪು ಎಂಬುದನ್ನು ನೋಡಿಯೇ ಯಾವ ಘಟ್ಟದಲ್ಲಿ ಮಳೆ ಬಿದ್ದಿದೆ ಎಂದು ಹೇಳಬಲ್ಲವರು ದಂಡೆಯಲ್ಲಿ ಇದ್ದೇ ಇರುತ್ತಾರೆ.

ಸ್ಥಳಪುರಾಣ ಗೊತ್ತಿದ್ದವರೇ ಹೆಚ್ಚು. ಭೀಮನಿಗೆ ಹನುಮಂತ ತನ್ನ ಬಾಲದ ರೋಮಗಳನ್ನು ಕೊಟ್ಟದ್ದು, ಬೆನ್ನಟ್ಟಿ ಬರುವ, ಅರ್ಧ ಮನುಷ್ಯ ಅರ್ಧ ಮೃಗವಾದ ಪುರುಷಮೃಗವನ್ನು ತಡೆಯಲು ಭೀಮ ರೋಮ ಉದುರಿಸಿದಲ್ಲೆಲ್ಲ ಲಿಂಗ ಎದ್ದದ್ದು, ಶಿವಭಕ್ತನಾದ ಮೃಗ ಒಂದೊಂದಕ್ಕೂ ನಿಂತು ಪೂಜೆ ಮಾಡುತ್ತ ಹಿಂದೆ ಬಿದ್ದದ್ದು. ಸಾವಿರ ಲಿಂಗದ ಕತೆ ಹೊಳೆಯ ತಳಕ್ಕೇ ಅಂಟಿಕೊಂಡಿರುವುದು ಸಹಜವಾಗಿದೆ. ಹೊಯ್ಗೆಯ ಅಡಿಯಲ್ಲಿ ಏನೇನು ಇದೆಯೋ ಅದನ್ನು ಎಣಿಸಿ ನೋಡಲು ಹೊಳೆ ಯಾರಿಗೂ ಬಿಡುವುದಿಲ್ಲ.

ಮಾಘದ ಹೊಯ್ಗೆ

ಮಾಘ ಹುಣ್ಣಿಮೆಯಿಂದ ಶಿವರಾತ್ರಿಯ ತನಕ ಇಲ್ಲಿ ಮಖೆ ಜಾತ್ರೆ. ಹುಣ್ಣಿಮೆ ಮಖೆ, ಅಷ್ಟಮಿ ಮಖೆ, ಶಿವರಾತ್ರಿ ಮಖೆ ಎಂದು ಮೂರು ಕೂಟ. ಇಂಗ್ಲಿಷ್ ತಿಂಗಳಲ್ಲಿ ಲೆಕ್ಕ ಹಾಕಿದರೆ ಫೆಬ್ರವರಿ, ಮಾರ್ಚಿನ ಆಸುಪಾಸು. ಆ ಹೊತ್ತಿಗೆ ಹೊಳೆ ಇಳಿದು ಹೊಯ್ಗೆ ತೆರೆದುಕೊಂಡಿರುತ್ತದೆ. ಲಿಂಗದ ಸುತ್ತ ಚಪ್ಪರ, ದಂಡೆಯಿಂದ ಅಲ್ಲಿಗೆ ಹೋಗಲು ಹೊಯ್ಗೆ ಚೀಲ ಹಾಸಿದ ದಾರಿ. ಮಖೆಯ ರಾತ್ರಿ ಉತ್ಸವ ಮುಗಿದು, ಬ್ಯಾಂಡಿನವರು ಗೋಡೆಗೆ ಒರಗಿದ ಮೇಲೆ, ಬೆಳಗ್ಗಿನ ಜಾವ ಜನ ಸದ್ದಿಲ್ಲದೆ ಹೊಯ್ಗೆಗೆ ಇಳಿಯುತ್ತಾರೆ. ನೀರು ತಣ್ಣಗೆ, ಮೊಣಕಾಲು ಮಟ್ಟ. ಅಜ್ಜಿಯಂದಿರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಿಂದ ಮೂಗು ಹಿಡಿದು ಮೂರು ಸಲ ಮುಳುಗುತ್ತಾರೆ. ಮಕ್ಕಳನ್ನು ಯಾರಾದರೂ ಕಂಕುಳಲ್ಲಿ ಹಿಡಿದು ಅದ್ದಿ ತೆಗೆಯುತ್ತಾರೆ. ಒದ್ದೆ ಬಟ್ಟೆಯಲ್ಲೇ ತಂಬಿಗೆ ನೀರು ತೆಗೆದುಕೊಂಡು ಹೋಗಿ ಲಿಂಗದ ಕಡೆ ಸಾಲು. ಬಿಲ್ವಪತ್ರೆ, ಎಳನೀರು, ಹಾಲು. ಅಭಿಷೇಕದ ನೀರಿಗೆ ತೀರ್ಥದ ಕೊಳವೆ ಬೇಕಿಲ್ಲ, ಹೊಯ್ಗೆ ಕುಡಿದುಬಿಡುತ್ತದೆ. ಪಕ್ಕದಲ್ಲಿ ಮಕ್ಕಳು ಕೈಯಿಂದ ಗುಂಡಿ ತೋಡುತ್ತವೆ. ಮೊಣಕೈ ಆಳಕ್ಕೆ ಒರತೆ ಬರುತ್ತದೆ.

ಕಾಲಿಗೆ ಏನಿದೆ ಎಂಬುದು ಇಲ್ಲಿ ಮುಖ್ಯ. ಹತ್ತು ಗಂಟೆ ದಾಟಿದರೆ ಹೊಯ್ಗೆ ಕಾಯುತ್ತದೆ, ಚಪ್ಪಲಿ ದಂಡೆಯಲ್ಲಿ ಬಿಟ್ಟು ಬಂದವರು ಕುಣಿಯುತ್ತ ಓಡಬೇಕಾಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಏಳು ಗಂಟೆಯೊಳಗೆ ಹೊಯ್ಗೆಯ ಕೆಲಸ ಮುಗಿಸಿ, ಆಮೇಲೆ ಮೇಲಿನ ದೇವಸ್ಥಾನಕ್ಕೆ ಬರುವುದು ಒಳ್ಳೆಯದು. ಜಾತ್ರೆಯ ಅಂಗಡಿ, ಕಬ್ಬಿನ ಹಾಲು, ಚುರುಮುರಿ, ಬಚ್ಚಂಗಾಯಿ ಎಲ್ಲ ಸಂಜೆಯ ಮಾತು. ಬೇಸಗೆಗೆ ಮುಂಚಿನ ಈ ತಿಂಗಳುಗಳಲ್ಲೇ ಹೊಳೆ ಬದಿಯಲ್ಲಿ ವಿಜಯ–ವಿಕ್ರಮ ಜೋಡುಕರೆ (ಎರಡು ಓಟದ ಕಣಗಳ) ಕಂಬಳ. ಆ ದಿನ ಶಾಂತ ಊರು ಎಂದು ನಂಬಿ ಬಂದವರಿಗೆ ಕೋಣದ ಓಟದ ಗೌಜು, ಮೈಕಿನ ಬೊಬ್ಬೆ. ಕಂಬಳ ನೋಡುವ ಆಸೆ ಇಲ್ಲದಿದ್ದರೆ ತಾರೀಕು ವಿಚಾರಿಸಿ ಬನ್ನಿ.

ಸ್ನಾನದ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಎರಡು ಹೊಳೆ ಕೂಡುವಲ್ಲಿ ಎರಡರ ವೇಗವೂ ಒಂದೇ ಇರುವುದಿಲ್ಲ. ವೇಗದ ನೀರು ನಿಧಾನದ ನೀರನ್ನು ಉಜ್ಜಿಕೊಂಡು ಹೋಗುವ ಗೆರೆಯಲ್ಲಿ ಸುಳಿ ಏಳುತ್ತದೆ, ಆ ಸುಳಿ ತಳವನ್ನು ಕೊರೆಯುತ್ತದೆ. ಕೊರೆದ ಹೊಯ್ಗೆಯನ್ನು ಸ್ವಲ್ಪ ಈಚೆ, ನೀರು ನಿಧಾನವಾದಲ್ಲಿ ಗುಡ್ಡೆ ಹಾಕುತ್ತದೆ. ಹಾಗಾಗಿ ದಂಡೆಯಿಂದ ಇಳಿಯುವವನಿಗೆ ಮೊಣಕಾಲು, ಮೊಣಕಾಲು, ತೊಡೆ, ಆಮೇಲೆ ಒಮ್ಮೆಲೇ ಕಯ, ಆಳದ ಮಡು. ಹೊಯ್ಗೆ ತೆಗೆದ ಗುಂಡಿ ಇದ್ದರಂತೂ ನೀರು ಎಷ್ಟು ತಿಳಿಯಾಗಿದ್ದರೂ ಆಳ ಗೊತ್ತಾಗುವುದಿಲ್ಲ. ಗುಂಡಿಯ ಅಂಚಿನ ಹೊಯ್ಗೆ ಕಾಲಿಟ್ಟ ಕೂಡಲೇ ಜಾರುತ್ತದೆ. ಈಜು ಬರುವವರೂ ಹೀಗೆ ಮುಳುಗಿಹೋಗುವುದುಂಟು. ಸೊಂಟಕ್ಕಿಂತ ಮೇಲೆ ನೀರು ಬಂದಲ್ಲಿ ತಿರುಗಿಬಿಡಿ. ಮುಳುಗುವುದಿದ್ದರೆ ಕೂತು ಮುಳುಗಿದರೂ ಪುಣ್ಯದಲ್ಲಿ ಕಡಿತವಿಲ್ಲ.

ಆಟಿಯ ನೀರು

ಮಳೆಗಾಲದಲ್ಲಿ ಈ ಊರಿಗೆ ಬರುವುದು ಬೇರೆಯೇ ಯಾತ್ರೆ. ಲಿಂಗ ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸಬೇಕು, ಅಲ್ಲಿ ಬರೀ ಕೆಂಪು ನೀರು. ತುಳುವರ ಆಟಿ ತಿಂಗಳ (ಜುಲೈ–ಆಗಸ್ಟ್) ಒಂದು ಸಂಜೆ ಸ್ನಾನಘಟ್ಟದ ಮೇಲೆ ನಿಂತರೆ ಕೊಡೆ ಹಿಡಿದ ಗಂಡಸರು ಮೆಟ್ಟಿಲು ಎಣಿಸುವುದು ಕಾಣುತ್ತದೆ. ಬೆಳಿಗ್ಗೆ ಎಷ್ಟು ಕಾಣುತ್ತಿತ್ತು, ಈಗ ಎಷ್ಟು. ನೀರಿನ ಮಟ್ಟವನ್ನು ಪತ್ರಿಕೆಗಳು ಮೀಟರಿನಲ್ಲಿ ಬರೆಯುತ್ತವೆ, ಊರಿನವರು ಮೆಟ್ಟಿಲಿನಲ್ಲಿ ಹೇಳುತ್ತಾರೆ. ಒಬ್ಬರು ಫೋನಿನಲ್ಲಿ ಸುಬ್ರಹ್ಮಣ್ಯದ ಕಡೆಯವರನ್ನು ವಿಚಾರಿಸುತ್ತಾರೆ, ಇನ್ನೊಬ್ಬರು ಬೆಳ್ತಂಗಡಿಯನ್ನು. ಮೇಲೆ ಸುರಿದ ಮಳೆ ಇಲ್ಲಿ ತಲುಪಲು ಕೆಲವು ಗಂಟೆ ಬೇಕು, ಆ ಗಂಟೆಗಳಲ್ಲಿ ತಗ್ಗಿನ ಅಂಗಡಿಯವರು ಅಕ್ಕಿ ಮೂಟೆ, ಸಿಮೆಂಟು ಚೀಲ ಅಟ್ಟಕ್ಕೆ ಏರಿಸುತ್ತಾರೆ. ಗೃಹರಕ್ಷಕರ ದೋಣಿ ದಂಡೆಯಲ್ಲಿ ಕಟ್ಟಿದ್ದು ಇರುತ್ತದೆ.

ಹೊಳೆಗಳು ಕೂಡುವುದು ದಿನವೂ ಆಗುವ ಕೆಲಸ. ಆದರೆ ಇಲ್ಲಿಯವರು "ಸಂಗಮ ಆಯಿತು" ಎನ್ನುವುದು ಒಂದೇ ಸಂದರ್ಭಕ್ಕೆ. ನೇತ್ರಾವತಿ ಒಂದು ಕಡೆಯಿಂದ, ಕುಮಾರಧಾರೆ ಇನ್ನೊಂದು ಕಡೆಯಿಂದ ಉಕ್ಕಿ ದಂಡೆ ಹತ್ತಿ, ದೇವಸ್ಥಾನದ ಎದುರು ಎರಡು ನೀರೂ ಮುಟ್ಟಿದಾಗ. ಆಗ ಗಂಗಾಪೂಜೆ, ಬಾಗಿನ, ಹೊತ್ತಿಲ್ಲದ ಹೊತ್ತಿನಲ್ಲೂ ತೀರ್ಥಸ್ನಾನ. ಎಲ್ಲ ವರ್ಷ ಆಗುವುದಿಲ್ಲ. ಒಂದೇ ಹೊಳೆ ಎಷ್ಟು ಉಕ್ಕಿದರೂ ಸಾಲದು. ಎರಡೂ ಘಟ್ಟಗಳಲ್ಲಿ ಒಂದೇ ಹೊತ್ತಿಗೆ ಸುರಿಯಬೇಕು. ಸಂಗಮ ನೋಡಲು ಮಂಗಳೂರು, ಪುತ್ತೂರಿನಿಂದ ಜನ ಬರುವ ಹೊತ್ತಿಗೆ ತಗ್ಗಿನ ಮನೆಯವರು ಸಾಮಾನು ಕಟ್ಟುತ್ತಿರುತ್ತಾರೆ. ಕೈಮುಗಿಯುವವರೂ ಹೆದರುವವರೂ ಬೇರೆ ಬೇರೆ ಜನ ಅಲ್ಲ, ಒಂದೇ ಮನೆಯವರು. 1923ರ ನೆರೆ, 1974ರ ನೆರೆ ಈ ಹೊಳೆಯ ಉದ್ದಕ್ಕೂ, ಕೆಳಗೆ ಪಾಣೆಮಂಗಳೂರು–ಬಂಟ್ವಾಳದ ತನಕ ಮಾಡಿದ್ದನ್ನು ಕೇಳಿ ಬೆಳೆದವರು ಅವರು. ತುಳುವಿನಲ್ಲಿ ನೆರೆಗೆ ಬೊಳ್ಳ ಎನ್ನುತ್ತಾರೆ, ಹಳಬರು ವಯಸ್ಸು ಹೇಳುವುದೂ ಬೊಳ್ಳದ ಲೆಕ್ಕದಲ್ಲಿ.

ಉಡುಪಿ ಕಡೆಯವರಿಗೆ ಇದು ಹೊಸದಲ್ಲ. ಕಮಲಶಿಲೆಯಲ್ಲಿ ಕುಬ್ಜಾ ನದಿ ಮಳೆಗಾಲದಲ್ಲಿ ಗರ್ಭಗುಡಿಗೇ ನುಗ್ಗಿ ದೇವಿಗೆ ಸ್ನಾನ ಮಾಡಿಸುತ್ತದೆ, ಜನ ಆ ದಿನಕ್ಕೆ ಕಾಯುತ್ತಾರೆ. ಅಲ್ಲಿ ಹೊಳೆ ದೇವರ ಮನೆಗೆ ಬಂದು ಹೋಗುವ ನೆಂಟ. ಉಪ್ಪಿನಂಗಡಿಯಲ್ಲಿ ದೇವರೇ ಹೊಳೆಯ ಮನೆಯಲ್ಲಿದ್ದಾನೆ.

ಈ ತಿಂಗಳುಗಳಲ್ಲಿ ಬರುವವರು ನೀರಿಗೆ ಇಳಿಯದೆ ಮೇಲಿನ ಮೆಟ್ಟಿಲಿನಲ್ಲೇ ಕೂತು ತಂಬಿಗೆಯಲ್ಲಿ ಸ್ನಾನ ಮಾಡಬೇಕು. ಇಲ್ಲಿ ಬಿಸಿಲಿದೆ ಎಂದು ನಂಬುವಂತಿಲ್ಲ, ಮೇಲೆ ಘಟ್ಟದಲ್ಲಿ ಮಳೆ ಸುರಿದಿರಬಹುದು. ತಿಳಿನೀರು ಕೆಂಪಿಗೆ ತಿರುಗಿದರೆ, ತರಗೆಲೆ ಮತ್ತು ಕಡ್ಡಿ ಗುಂಪಾಗಿ ತೇಲಿ ಬಂದರೆ, ಈಗಷ್ಟೇ ಕಾಣುತ್ತಿದ್ದ ಮೆಟ್ಟಿಲು ಕಾಣದಿದ್ದರೆ ಎದ್ದುಬಿಡಬೇಕು. ನೀರು ಇಳಿದ ಮೇಲೂ ಒಂದು ಕಾಟ ಉಳಿಯುತ್ತದೆ: ಮೆಟ್ಟಿಲಿನ ಮೇಲಿನ ತೆಳು ಕೆಸರು ಮತ್ತು ಪಾಚಿ. ನೆರೆಗಿಂತ ಹೆಚ್ಚು ಸೊಂಟ ಮುರಿದದ್ದು ಅದೇ ಇರಬೇಕು.

ಎಳ್ಳು, ಅಕ್ಕಿ, ಮುತ್ತಜ್ಜನ ಹೆಸರು

ನಿಜ ಹೇಳಬೇಕೆಂದರೆ, ಜಾತ್ರೆ ಇಲ್ಲದ ದಿನ ಈ ಊರಿನಲ್ಲಿ ಬಸ್ಸಿಳಿಯುವ ಹೊರಗಿನವರಲ್ಲಿ ಬಹಳಷ್ಟು ಮಂದಿ ಬರುವುದು ಸತ್ತವರ ಕೆಲಸಕ್ಕೆ. ಗಯಾಪದ ಕ್ಷೇತ್ರ ಎಂದು ಇದಕ್ಕೆ ಹೆಸರು. ಕೈಯಲ್ಲಿ ಚೀಲ, ಚೀಲದಲ್ಲಿ ಅಸ್ಥಿಯ ಕುಡಿಕೆ, ಮಾತು ಕಡಿಮೆ. ಅವರಿಗೆ ಬೇಕಾದ ವಿವರ ಯಾರೂ ಬರೆದಿಡುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ.

ಹಿಂದಿನ ದಿನವೇ ದೇವಸ್ಥಾನದ ಕಚೇರಿಗೆ ಫೋನ್ ಮಾಡಿ ಹೇಳಿ, ಬೆಳಿಗ್ಗೆ ಎಂಟರೊಳಗೆ ಅಲ್ಲಿರಬೇಕು. ಸಾಮಾನು ಅಲ್ಲೇ ಸಿಕ್ಕಬಹುದು. ಮನೆಯಿಂದ ತರುವುದಾದರೆ ಒಂದು ಕುಟುಂಬಕ್ಕೆ ಅರ್ಧ ಕಿಲೋ ಬೆಳ್ತಿಗೆ (ಬಿಳಿ) ಅಕ್ಕಿ, ನೂರು ಗ್ರಾಂ ಕಪ್ಪು ಎಳ್ಳು, ದರ್ಭೆಯ ಒಂದು ಕಟ್ಟು, ಸ್ವಲ್ಪ ತುಪ್ಪ, ಜೇನು, ಹಾಲು, ಮೊಸರು, ನಾಲ್ಕು ಬಾಳೆಹಣ್ಣು, ತುಳಸಿ, ಎರಡು ತೆಂಗಿನಕಾಯಿ, ಮೂರು ನಾಲ್ಕು ಕೊಡಿ ಬಾಳೆಎಲೆ ಸಾಕು. ಮನೆಯಲ್ಲಿ ಇರುವುದು ಕುಚ್ಚಲಕ್ಕಿ ಎಂದು ಅದನ್ನೇ ಕಟ್ಟಿ ತರುವವರು ಇದ್ದಾರೆ. ಅದು ಮೊದಲೇ ಒಮ್ಮೆ ಬೆಂದ ಅಕ್ಕಿ, ಈ ಕೆಲಸಕ್ಕೆ ಬಳಸುವುದಿಲ್ಲ. ಬಳಸಿದರೂ ಪಿಂಡ ನಿಲ್ಲುವುದಿಲ್ಲ. ಬೆಳ್ತಿಗೆಯನ್ನೂ ಉದುರು ಉದುರಾಗಿ ಮಾಡಿದರೆ ಕೈಯಲ್ಲೇ ಒಡೆಯುತ್ತದೆ. ಒಂದು ಪಾಲು ಅಕ್ಕಿಗೆ ಮೂರು ಪಾಲು ನೀರು ಹಾಕಿ ಮೆತ್ತಗೆ ಬೇಯಿಸಿ, ಬಿಸಿ ಆರುವ ಮೊದಲೇ ಎಳ್ಳು, ತುಪ್ಪ, ಬಾಳೆಹಣ್ಣು ಸೇರಿಸಿ ನಾದಬೇಕು. ಪೂರ್ತಿ ತಣಿದ ಮೇಲೆ ಉಂಡೆ ಕಟ್ಟಹೊರಟರೆ ಬಿರುಕು ಬಿಡುತ್ತದೆ.

ತರ್ಪಣದಲ್ಲಿ ಕೈ ತಪ್ಪುವುದು ಎಲ್ಲರಿಗೂ ಒಂದೇ ಜಾಗದಲ್ಲಿ. ದೇವತೆಗಳಿಗೆ ನೀರು ಬೆರಳ ತುದಿಯಿಂದ ಬಿಡಬೇಕು, ಋಷಿಗಳಿಗೆ ಕಿರುಬೆರಳಿನ ಬುಡದಿಂದ, ಪಿತೃಗಳಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ. ಪಿತೃಗಳ ಸರದಿ ಬಂದಾಗ ಜನಿವಾರ ಬಲಹೆಗಲಿಗೆ, ಮುಖ ದಕ್ಷಿಣಕ್ಕೆ. ಜನಿವಾರ ಇಲ್ಲದವರು ಶಾಲನ್ನೋ ಬೈರಾಸನ್ನೋ ಹಾಗೆ ಹಾಕಿಕೊಳ್ಳುತ್ತಾರೆ. ಒಬ್ಬೊಬ್ಬರ ಹೆಸರಿಗೆ ಮೂರು ಮೂರು ಸಲ ಎಳ್ಳುನೀರು. ಕೈ ಒದ್ದೆಯಾದ ಮೇಲೆ ಎಳ್ಳು ಅಂಗೈಗೆ ಅಂಟಿಕೊಂಡು ನೀರಿನ ಜೊತೆ ಹೋಗುವುದಿಲ್ಲ, ಆದ್ದರಿಂದ ಎಳ್ಳನ್ನು ಎಲೆಯ ಒಣ ಬದಿಯಲ್ಲಿ ಇಟ್ಟು, ಪ್ರತಿ ಸಲ ಚಿಟಿಕೆಯಷ್ಟೇ ತೆಗೆದುಕೊಳ್ಳುವುದು ಮೇಲು.

ಎಲ್ಲಕ್ಕಿಂತ ದೊಡ್ಡ ತೊಡಕು ಸಾಮಾನಿನದಲ್ಲ, ಹೆಸರಿನದು. ಪುರೋಹಿತರು ತಂದೆಯ ಹೆಸರು ಕೇಳುತ್ತಾರೆ, ಸರಿ. ಅಜ್ಜನ ಹೆಸರು, ಅದೂ ಸರಿ. ಮುತ್ತಜ್ಜನ ಹೆಸರು ಕೇಳಿದ ಕೂಡಲೇ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಊರಿನ ದೊಡ್ಡಮ್ಮನಿಗೆ ಫೋನ್ ಹಚ್ಚುತ್ತಾರೆ. ಅಜ್ಜಿಯ ತಾಯಿಯನ್ನು ಎಲ್ಲರೂ "ಅಬ್ಬೆ" ಎಂದೇ ಕರೆಯುತ್ತಿದ್ದರು, ಕಾಗದದ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ ಗೋತ್ರ ಎಂದು ಹೇಳಿಸುವ ಪದ್ಧತಿ ಇದೆ. ಆದರೆ ನಮ್ಮ ತುಳುನಾಡಿನಲ್ಲಿ ತಾಯಿಯ ಸಾಲನ್ನು ಎಣಿಸುವ ಅಳಿಯಕಟ್ಟಿನ ಕುಟುಂಬಗಳಿಗೆ ಗೋತ್ರಕ್ಕಿಂತ ಮೊದಲು ನೆನಪಾಗುವುದು 'ಬರಿ' ಎಂಬ ವಂಶದ ಹೆಸರು, ಅದು ತಾಯಿಯಿಂದ ಬರುವುದು. ತಂದೆಯ ಸಾಲಿನಲ್ಲಿ ಮೂರು ತಲೆ ಕೇಳುವ ವಿಧಿಯ ಮುಂದೆ, ತಾಯಿಯ ಸಾಲಿನಲ್ಲಿ ಆರು ತಲೆ ಹೇಳಬಲ್ಲ ಮನುಷ್ಯ ತಡವರಿಸುತ್ತಾನೆ. ಸೋದರಮಾವನ ಹೆಸರನ್ನೂ ಸೇರಿಸಬೇಕೆಂದಿದ್ದರೆ ಸಂಕಲ್ಪಕ್ಕೆ ಮೊದಲೇ ಹೇಳಿಬಿಡಿ. ನಡುವೆ ಹೇಳಿದರೆ ಗೊಂದಲ. ಬೊಜ್ಜದ (ಉತ್ತರಕ್ರಿಯೆಯ) ದಿನ ಊರವರೆಲ್ಲ ಸೇರಿರುತ್ತಾರಲ್ಲ, ಆಗಲೇ ಎರಡೂ ಕಡೆಯ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಅಸ್ಥಿ ಬಿಡುವಾಗ ಕುಡಿಕೆಯ ಬಾಯಿಗೆ ಕಟ್ಟಿದ ಬಟ್ಟೆ, ಪ್ಲಾಸ್ಟಿಕ್ ಲಕೋಟೆ ಬಿಚ್ಚಿ ದಂಡೆಯಲ್ಲೇ ಉಳಿಸಿಕೊಳ್ಳಬೇಕು. ನೀರು ಸಾಗುತ್ತಿರುವ ಜಾಗ ನೋಡಿ ಬಿಡಬೇಕು. ಇಲ್ಲಿಗೆ ಬಂದಾಗ ಹೊಳೆಯ ಪಂಚಾಂಗದ ಮಾತು ಮತ್ತೆ ಎದುರಾಗುತ್ತದೆ.

ಗೇಟು ಹಾಕಿದ ಮೇಲೆ

ಉಪ್ಪಿನಂಗಡಿಯಿಂದ ಕೆಳಗೆ ಬಿಳಿಯೂರಿನಲ್ಲಿ ನೇತ್ರಾವತಿಗೆ ಕಿಂಡಿ ಅಣೆಕಟ್ಟು ಬಂದಿದೆ. ನಮ್ಮ ಕಡೆಯ ತೋಡುಗಳಿಗೆ ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟ ಕಟ್ಟುವ ಕ್ರಮ ಮೊದಲಿನಿಂದಲೂ ಇತ್ತು. ಅದರದ್ದೇ ಕಾಂಕ್ರೀಟಿನ ದೊಡ್ಡ ರೂಪ ಇದು. ಮಳೆಗಾಲದಲ್ಲಿ ಕಿಂಡಿಗಳು ತೆರೆದಿದ್ದು ನೆರೆ ಹಾಗೇ ಹೋಗುತ್ತದೆ, ಹರಿವು ಕಡಿಮೆಯಾದ ಮೇಲೆ ಗೇಟು ಹಾಕುತ್ತಾರೆ, ಮುಂದಿನ ಮಳೆಗೆ ಮೊದಲು ತೆಗೆಯುತ್ತಾರೆ. ಲಾಭ ಕಣ್ಣಿಗೆ ಕಾಣುವಂಥದ್ದೇ. ದಂಡೆಯ ಬಾವಿಗಳಲ್ಲಿ ನೀರು ನಿಲ್ಲುತ್ತದೆ, ಅಡಿಕೆ ತೋಟದ ಪಂಪು ಏಪ್ರಿಲಿನಲ್ಲೂ ನೀರೆತ್ತುತ್ತದೆ. ಬೇಸಗೆಯಲ್ಲಿ ಹನಿ ನೀರಿಗೆ ಒದ್ದಾಡಿದವರ ಮುಂದೆ ಇದನ್ನು ಬೇಡವೆನ್ನುವ ಧೈರ್ಯ ಯಾರಿಗೂ ಬಾರದು, ಬರಲೂಬಾರದು.

ಆದರೆ ಹೊಳೆಯ ತಳದ ಇಳಿಜಾರು ಇಲ್ಲಿ ಬಹಳ ಕಡಿಮೆ. ಕೆಳಗೆ ಕೆಲವೇ ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೂ ಅದು ಹಿಂದಕ್ಕೆ ಕಿಲೋಮೀಟರುಗಟ್ಟಲೆ ಹರಡುತ್ತದೆ. ಹಿನ್ನೀರು ಸಂಗಮದ ತನಕ ಬಂದರೆ ಮಾಘದಲ್ಲಿ ಹೊಯ್ಗೆ ತೆರೆದುಕೊಳ್ಳಬೇಕಾದ ಜಾಗದಲ್ಲಿ ನೀರು ತುಂಬಿರುತ್ತದೆ, ಲಿಂಗ ಅದರ ಅಡಿಗೆ. ಈಚಿನ ವರ್ಷಗಳಲ್ಲಿ ಮಖೆ ಹತ್ತಿರ ಬಂದಾಗ ಗೇಟು ತೆಗೆದು ನೀರು ಇಳಿಸಿ ಎಂಬ ಬೇಡಿಕೆ ಏಳುವುದು ಇದೇ ಕಾರಣಕ್ಕೆ. ಇಳಿಸಿದರೆ ಬೇಸಗೆಗೆಂದು ಕೂಡಿಟ್ಟ ನೀರು ಸಮುದ್ರದ ದಾರಿ ಹಿಡಿಯುತ್ತದೆ, ಇಳಿಸದಿದ್ದರೆ ಜಾತ್ರೆಗೆ ಹೊಯ್ಗೆಯೇ ಇಲ್ಲ. ಒಂದೇ ದಿನ ಇಳಿಸಿದರೆ ಸಾಲುವುದೂ ಇಲ್ಲ: ನೀರು ಇಳಿದ ಮೇಲೆ ಹೊಯ್ಗೆ ನೆನೆದು ಕೆಸರಾಗಿರುತ್ತದೆ, ಚಪ್ಪರ ನಿಲ್ಲಿಸಲು, ದಾರಿ ಹಾಸಲು ಅದು ಗಟ್ಟಿಯಾಗಬೇಕು.

ಇನ್ನೊಂದು ತೊಂದರೆಯ ಬಗ್ಗೆ ಮಾತಾಡುವವರು ಕಡಿಮೆ. ಪೇಟೆಗಳ ಚರಂಡಿ ಕೊನೆಗೆ ಹೊಳೆಯನ್ನೇ ಸೇರುವುದು. ಹರಿಯುವ ಹೊಳೆ ಅದನ್ನು ಕೊಂಡೊಯ್ಯುತ್ತಿತ್ತು, ನಿಂತ ನೀರು ಕೊಂಡೊಯ್ಯುವುದಿಲ್ಲ. ತರ್ಪಣದ ಹೂವು, ಪಿಂಡದ ಅನ್ನ, ಬಾಳೆಎಲೆ ಬಿಟ್ಟಲ್ಲೇ ತಿರುಗುತ್ತವೆ. ಅಪ್ಪನ ಬೂದಿ ಸಮುದ್ರದ ಕಡೆ ಹೊರಟಿತು ಎಂದು ನೋಡಲು ನಿಂತವನಿಗೆ, ಅದು ಮೆಟ್ಟಿಲಿನ ಬದಿಗೇ ಬಂದು ನಿಂತದ್ದು ಕಂಡರೆ ಹೇಗಾಗಬೇಕು? ಮಂತ್ರದಲ್ಲಿ ಇದಕ್ಕೆ ಪರಿಹಾರ ಇಲ್ಲ. ಗೇಟು ಹಾಕಿದ ತಿಂಗಳುಗಳಲ್ಲಿ ನೀರು ಎಲ್ಲಿ ಸಾಗುತ್ತಿದೆ ಎಂದು ಸ್ಥಳದವರನ್ನು ಕೇಳಿ, ಸ್ವಲ್ಪ ಮೇಲಕ್ಕೆ ನಡೆದಾದರೂ ಅಲ್ಲಿ ಬಿಡುವುದು ವಾಸಿ.

ಸತ್ತವರ ಕೆಲಸಕ್ಕೆಂದೇ ಬರುವವರಿಗೆ, ದಿನ ಆರಿಸುವ ಅವಕಾಶ ಇದ್ದರೆ, ಮಹಾಲಯದ ಹದಿನೈದು ದಿನ ಚೆನ್ನ. ಭಾದ್ರಪದದ ಕೊನೆಗೆ ಮಳೆಯ ಅಬ್ಬರ ಇಳಿದಿರುತ್ತದೆ, ಗೇಟು ಇನ್ನೂ ಹಾಕಿರುವುದಿಲ್ಲ, ಹೊಳೆ ತುಂಬಿ ಸಾಗುತ್ತಿರುತ್ತದೆ. ಅಮಾವಾಸ್ಯೆಯ ದಿನ ಮಾತ್ರ ಜನ ಜಾಸ್ತಿ, ಪುರೋಹಿತರಿಗೆ ಉಸಿರಾಡಲೂ ಹೊತ್ತಿರುವುದಿಲ್ಲ, ಹೆಸರುಗಳನ್ನು ಓಡಿಸುತ್ತಾರೆ. ಎರಡು ದಿನ ಮೊದಲು ಬಂದರೆ ಮುತ್ತಜ್ಜನ ಹೆಸರಿಗೂ ಸಮಯ ಸಿಗುತ್ತದೆ. ಆದರೆ ಆಗ ಲಿಂಗ ಕಾಣುವುದಿಲ್ಲ. ಲಿಂಗವೇ ನೋಡಬೇಕು ಎನ್ನುವವರು ಮಖೆಯ ವಾರದಲ್ಲಿ ಹೊರಡುವ ಮೊದಲು ಫೋನಿನಲ್ಲಿ ಎರಡೇ ಪ್ರಶ್ನೆ ಕೇಳಿ: ಗೇಟು ತೆಗೆದು ಎಷ್ಟು ದಿನ ಆಯಿತು, ಹೊಯ್ಗೆಗೆ ದಾರಿ ಆಗಿದೆಯೇ. ಎರಡಕ್ಕೂ ಸರಿಯಾದ ಉತ್ತರ ಬಂದರೆ ಬೆಳಗ್ಗಿನ ಮೊದಲ ಬಸ್ಸು ಹಿಡಿಯಬಹುದು. ಒಂದು ಜೊತೆ ಒಣ ಬಟ್ಟೆ, ಒದ್ದೆಯದನ್ನು ಹಾಕಲು ಒಂದು ಚೀಲ, ಮತ್ತೆ ಹೊಯ್ಗೆಗೆ ಹೆದರದ ಹಳೆಯ ರಬ್ಬರ್ ಚಪ್ಪಲಿ ಇರಲಿ.